ಸ್ಪೇನ್‌ನ ವಸಾಹತು ಸಾಮ್ರಾಜ್ಯ ಮತ್ತು ಅದರ ಹಳೆಯ ವಸಾಹತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟಿಷರ ಆಳ್ವಿಕೆಯ ನೆನಪು ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಸ್ಪೇನ್‌ನ ಆಳ್ವಿಕೆಯಾದರೋ ನಮ್ಮ ಪಠ್ಯಪುಸ್ತಕಗಳಲ್ಲಿ ಕೊಲಂಬಸನ ಮೂರು ಹಡಗುಗಳ ಜೊತೆ ಬಂದು ಅಲ್ಲಿಗೇ ಮುಗಿದುಬಿಡುತ್ತದೆ. ಆಮೇಲಿನ ನಾಲ್ಕೂ ಮುಕ್ಕಾಲು ಶತಮಾನಗಳಲ್ಲಿ ಏನಾಯಿತು ಎಂದು ಕೇಳುವ ವಿದ್ಯಾರ್ಥಿಗಳು, ಪರೀಕ್ಷೆಗೆ ಓದುವವರು, ಲ್ಯಾಟಿನ್ ಅಮೆರಿಕದ ಕಥೆ ಕಾದಂಬರಿಗಳನ್ನು ಕನ್ನಡದಲ್ಲಿ ಓದಿ ಕುತೂಹಲಗೊಂಡವರು ಎಲ್ಲರಿಗಾಗಿ ಈ ಉತ್ತರಗಳು.

ಸ್ಪೇನ್ ಎಲ್ಲೆಲ್ಲಿ, ಎಷ್ಟು ಕಾಲ ಆಳಿತು?

ಕೊಲಂಬಸ್ ಬಹಾಮಾಸ್ ದ್ವೀಪವೊಂದಕ್ಕೆ ಕಾಲಿಟ್ಟದ್ದು 1492ರ ಅಕ್ಟೋಬರ್ 12ರಂದು. ಸ್ಪೇನ್ ತನ್ನ ಕೊನೆಯ ದೊಡ್ಡ ವಸಾಹತಾದ ಪಶ್ಚಿಮ ಸಹಾರಾದಿಂದ ಕಾಲ್ತೆಗೆದದ್ದು 1976ರ ಫೆಬ್ರವರಿಯಲ್ಲಿ. ಈ ನಡುವೆ ಮೆಕ್ಸಿಕೊ, ಮಧ್ಯ ಅಮೆರಿಕ, ಕ್ಯೂಬಾ, ಪೋರ್ಟೊರಿಕೊ, ದಕ್ಷಿಣ ಅಮೆರಿಕದಲ್ಲಿ ಬ್ರೆಜಿಲ್ ಮತ್ತು ಗಯಾನಾ ಭಾಗಗಳ ಹೊರತು ಬಹುಮಟ್ಟಿಗೆ ಎಲ್ಲ ನೆಲ, ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಾ, ಏಷ್ಯಾದಲ್ಲಿ ಫಿಲಿಪ್ಪೀನ್ಸ್, ಪೆಸಿಫಿಕ್‌ನಲ್ಲಿ ಗುವಾಮ್, ಆಫ್ರಿಕಾದಲ್ಲಿ ಇಕ್ವಟೋರಿಯಲ್ ಗಿನಿ ಮತ್ತು ಮೊರಾಕ್ಕೊದ ಉತ್ತರ ಭಾಗ ಒಂದಲ್ಲ ಒಂದು ಕಾಲದಲ್ಲಿ ಸ್ಪೇನ್‌ನ ಹಿಡಿತದಲ್ಲಿದ್ದವು. ನಕ್ಷೆಯಲ್ಲಿ ಬಣ್ಣ ಬಳಿದದ್ದೆಲ್ಲ ನಿಜವಾಗಿ ಆಳಿದ ನೆಲವಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಪ್ಯಾಟಗೋನಿಯಾದಲ್ಲಿ, ಅಮೆಜಾನ್ ಕಾಡಿನಲ್ಲಿ, ಚಿಲಿಯ ದಕ್ಷಿಣದಲ್ಲಿ ರಾಜನ ಆಜ್ಞೆ ಕಾಗದದಲ್ಲಷ್ಟೇ ಇತ್ತು.

ಭಾರತಕ್ಕೆ ದಾರಿ ಹುಡುಕಿ ಹೊರಟವರು ಭಾರತಕ್ಕೆ ಏಕೆ ಬರಲಿಲ್ಲ?

1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಟೊರ್ಡೆಸಿಲ್ಲಾಸ್ ಎಂಬ ಊರಿನಲ್ಲಿ ಒಪ್ಪಂದ ಮಾಡಿಕೊಂಡವು. ಕೇಪ್ ವರ್ಡೆ ದ್ವೀಪಗಳಿಂದ 370 ಲೀಗ್ (ದೂರದ ಹಳೆಯ ಅಳತೆ) ಪಶ್ಚಿಮಕ್ಕೆ ಒಂದು ಗೆರೆ ಎಳೆದು, ಅದರ ಪಶ್ಚಿಮಕ್ಕೆ ಇರುವುದು ಸ್ಪೇನ್‌ಗೆ, ಪೂರ್ವಕ್ಕೆ ಇರುವುದು ಪೋರ್ಚುಗಲ್‌ಗೆ ಎಂದು ಹಂಚಿಕೊಂಡವು. ಆ ನೆಲಗಳಲ್ಲಿ ಬದುಕಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಹೀಗಾಗಿ ಆಫ್ರಿಕಾ ಸುತ್ತಿ ಕಲ್ಲಿಕೋಟೆಗೆ ಬರುವ ಹಾದಿ ಪೋರ್ಚುಗೀಸರ ಪಾಲಾಯಿತು. ಬ್ರೆಜಿಲ್ ಪೋರ್ಚುಗೀಸ್ ವಸಾಹತಾದದ್ದಕ್ಕೂ ಇದೇ ಗೆರೆ ಕಾರಣ.

ಕೆಲವೇ ನೂರು ಸೈನಿಕರು ಅಷ್ಟು ದೊಡ್ಡ ಸಾಮ್ರಾಜ್ಯಗಳನ್ನು ಗೆದ್ದದ್ದು ಹೇಗೆ?

ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಕುದುರೆ, ಉಕ್ಕು, ಕೋವಿ, ಬಿಳಿಯರನ್ನು ದೇವರೆಂದು ಭ್ರಮಿಸಿದ ಮುಗ್ಧ ಜನ ಎಂಬ ಸಿದ್ಧ ಉತ್ತರವೂ ಎಲ್ಲೆಡೆ ಓಡಾಡುತ್ತದೆ. ಆ ಉತ್ತರ ಗೆದ್ದವರು ತಮ್ಮ ಬಗ್ಗೆ ಹೇಳಿಕೊಂಡ ಕಥೆ. ಅದನ್ನು ಹಾಗೆಯೇ ನಂಬುವುದು ಸೋತವರಿಗೆ ಎರಡನೆಯ ಬಾರಿ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಎರ್ನಾನ್ ಕೊರ್ಟೆಸ್ 1519ರಲ್ಲಿ ಮೆಕ್ಸಿಕೊ ಕರಾವಳಿಗೆ ಬಂದಾಗ ಅವನ ಬಳಿ ಐನೂರು ಚಿಲ್ಲರೆ ಸೈನಿಕರು, 16 ಕುದುರೆಗಳು ಇದ್ದವು. ಅಷ್ಟರಿಂದ ಅಜ್ಟೆಕರ ರಾಜಧಾನಿ ತೆನೊಚ್ಟಿಟ್ಲಾನ್ ಬೀಳಲಿಲ್ಲ. 1520ರ ಬೇಸಿಗೆಯಲ್ಲಿ ಸ್ಪ್ಯಾನಿಷರು ಅಲ್ಲಿಂದ ಏಟು ತಿಂದು ರಾತ್ರೋರಾತ್ರಿ ಓಡಿಹೋಗಿದ್ದರು. ಅವರನ್ನು ಉಳಿಸಿದ್ದು ತ್ಲಾಸ್ಕಲಾ ರಾಜ್ಯ. ಅಜ್ಟೆಕರಿಗೆ ಎಂದೂ ತಲೆಬಾಗದೆ ದಶಕಗಳ ಕಾಲ ಕಾದಾಡುತ್ತಿದ್ದ ತ್ಲಾಸ್ಕಲಾದ ನಾಯಕರು ಈ ಹೊಸಬರನ್ನು ತಮ್ಮ ಹಳೆಯ ಶತ್ರುವಿನ ಮೇಲೆ ಬಳಸಬಹುದು ಎಂದು ಲೆಕ್ಕ ಹಾಕಿದರು. 1521ರ ಆಗಸ್ಟ್ 13ರಂದು ನಗರ ಬಿದ್ದಾಗ ಮುತ್ತಿಗೆ ಹಾಕಿದವರಲ್ಲಿ ಬಹುಪಾಲು ಜನ, ಹತ್ತಾರು ಸಾವಿರ ಯೋಧರು, ಅಲ್ಲಿನ ಮೂಲನಿವಾಸಿಗಳೇ. ಕೊರ್ಟೆಸ್‌ಗೆ ದಾರಿ ತೋರಿಸಿದ, ಮಾತು ಮುಟ್ಟಿಸಿದ ಮಲಿನ್ಟ್ಸಿನ್ ಎಂಬ ಹೆಣ್ಣುಮಗಳು ಗುಲಾಮಳಾಗಿ ಅವನ ಕೈಗೆ ಬಂದವಳು. ಅಜ್ಟೆಕರ ನುಡಿಯಾದ ನಹುವಾಟ್ಲ್ ಮತ್ತು ಮಾಯಾ ಎರಡೂ ಬಲ್ಲ ಅವಳಿಲ್ಲದೆ ಆ ಮೈತ್ರಿಗಳು ಕುದುರುತ್ತಲೇ ಇರಲಿಲ್ಲ. ಇದರ ಮೇಲೆ ಸಿಡುಬು. 1520ರ ಕೊನೆಯಲ್ಲಿ ನಗರಕ್ಕೆ ನುಗ್ಗಿದ ಆ ರೋಗ ಹೊಸ ದೊರೆ ಕ್ವಿಟ್ಲಾವಾಕ್‌ನನ್ನೂ ಬಲಿ ತೆಗೆದುಕೊಂಡಿತು.

ಪೆರುವಿನಲ್ಲಿ ಒಳಜಗಳವೇ ಬಾಗಿಲು ತೆರೆಯಿತು. ಫ್ರಾನ್ಸಿಸ್ಕೊ ಪಿಸಾರೊ 168 ಜನರೊಂದಿಗೆ ಕಾಹಾಮಾರ್ಕಾಕ್ಕೆ ಬಂದಾಗ ಇಂಕಾ ಸಾಮ್ರಾಜ್ಯ ಅಣ್ಣತಮ್ಮಂದಿರಾದ ಅತಾಹುವಾಲ್ಪಾ ಮತ್ತು ಹುವಾಸ್ಕರ್ ನಡುವಿನ ಯುದ್ಧದಲ್ಲಿ ಸೀಳಿಹೋಗಿತ್ತು. 1532ರ ನವೆಂಬರ್ 16ರಂದು ಮಾತುಕತೆಗೆಂದು ಬಂದ ಅತಾಹುವಾಲ್ಪಾನನ್ನು ಮೋಸದಿಂದ ಸೆರೆಹಿಡಿದು, ಒಂದು ಕೋಣೆ ತುಂಬ ಚಿನ್ನ, ಅದರ ಎರಡರಷ್ಟು ಬೆಳ್ಳಿ ಬಿಡುಗಡೆಯ ಬೆಲೆಯಾಗಿ ವಸೂಲಿ ಮಾಡಿ, ಮರುವರ್ಷ ಕತ್ತು ಹಿಸುಕಿ ಕೊಂದರು. ಆದರೂ ಇಂಕಾ ಪ್ರತಿರೋಧ ಮುಗಿಯಲಿಲ್ಲ. ವಿಲ್ಕಬಾಂಬಾ ಕಣಿವೆಯಲ್ಲಿ ಅವರ ಪುಟ್ಟ ರಾಜ್ಯ 1572ರವರೆಗೆ ನಿಂತಿತ್ತು.

ಮೂಲನಿವಾಸಿಗಳು ಅಷ್ಟೊಂದು ಸಂಖ್ಯೆಯಲ್ಲಿ ಸತ್ತದ್ದು ರೋಗದಿಂದ ಮಾತ್ರವೇ?

ಅಲ್ಲ. ಸಿಡುಬು, ದಡಾರದಂಥ ರೋಗಗಳಿಗೆ ಅಮೆರಿಕದ ಜನರಲ್ಲಿ ಪ್ರತಿರೋಧ ಶಕ್ತಿ ಇರಲಿಲ್ಲ ಎಂಬುದು ನಿಜ. 1545 ಮತ್ತು 1576ರಲ್ಲಿ ಮೆಕ್ಸಿಕೊವನ್ನು ಬಡಿದ ಮಹಾಮಾರಿಗಳು ಊರಿಗೆ ಊರೇ ಬರಿದು ಮಾಡಿದವು. ಆದರೆ ಹಸಿದವನಿಗೆ, ಗಣಿಯಲ್ಲಿ ಸವೆದವನಿಗೆ, ಹೊಲ ಕಳೆದುಕೊಂಡವನಿಗೆ ರೋಗ ತಗುಲುವ ರೀತಿಯೇ ಬೇರೆ. ಹಿಸ್ಪಾನಿಯೋಲಾ ದ್ವೀಪದ ತಾಯಿನೊ ಜನ ಚಿನ್ನ ಸೋಸುವ ಬಲವಂತದ ದುಡಿಮೆಯಲ್ಲಿ ಕುಸಿಯತೊಡಗಿದ್ದು ಅಲ್ಲಿ ಸಿಡುಬು ಕಾಣಿಸಿಕೊಳ್ಳುವ ಮೊದಲೇ. ಸಿಡುಬು ಬಂದದ್ದು 1518ರಲ್ಲಿ. ಮೊದಲ ಒಂದೂವರೆ ಶತಮಾನದಲ್ಲಿ ಅನೇಕ ಕಡೆ ಹತ್ತರಲ್ಲಿ ಎಂಟೊಂಬತ್ತು ಮಂದಿ ಅಳಿದರು ಎಂಬುದು ಹಲವು ವಿದ್ವಾಂಸರ ಅಂದಾಜು. ರೋಗದ ಮೇಲೆ ಎಲ್ಲ ಹೊಣೆ ಹೊರಿಸಿ ಮನುಷ್ಯರನ್ನು ಬಿಡುಗಡೆ ಮಾಡುವ ವಾದವನ್ನು ಒಪ್ಪಲಾಗದು.

ಎನ್ಕೊಮಿಯೆಂಡಾ ಎಂದರೇನು?

ದಂಡಯಾತ್ರೆಗೆ ಬಂದ ಸ್ಪ್ಯಾನಿಷನಿಗೆ ರಾಜ ಇಂತಿಷ್ಟು ಹಳ್ಳಿಗಳ ಜನರನ್ನು ‘ವಹಿಸಿಕೊಡುವ’ ಏರ್ಪಾಡು. ಅವರಿಂದ ಕಪ್ಪ ಮತ್ತು ದುಡಿಮೆ ಪಡೆಯುವ ಹಕ್ಕು ಅವನದು; ಅವರನ್ನು ಕಾಪಾಡಿ ಕ್ರೈಸ್ತಧರ್ಮ ಕಲಿಸುವ ಕರ್ತವ್ಯವೂ ಅವನದು. ನೆಲದ ಒಡೆತನ ಕಾನೂನಿನಲ್ಲಿ ಸೇರಿರಲಿಲ್ಲ. ಹಕ್ಕು ದಿನವೂ ಚಲಾವಣೆಯಾಯಿತು, ಕರ್ತವ್ಯ ಕಾಗದದಲ್ಲಿ ಉಳಿಯಿತು.

ಸ್ಪೇನ್‌ನವರೇ ಯಾರೂ ಇದನ್ನು ವಿರೋಧಿಸಲಿಲ್ಲವೇ?

ವಿರೋಧಿಸಿದರು, ಅದೂ ಬಹಳ ಬೇಗ. 1511ರ ಡಿಸೆಂಬರ್‌ನಲ್ಲಿ ಹಿಸ್ಪಾನಿಯೋಲಾದ ಸಾಂತೊ ಡೊಮಿಂಗೊ ನಗರದ ಚರ್ಚಿನಲ್ಲಿ ಅಂತೋನಿಯೊ ದೆ ಮೊಂಟೆಸಿನೋಸ್ ಎಂಬ ಡೊಮಿನಿಕನ್ ಪಾದ್ರಿ, ಎದುರಿಗೆ ಕುಳಿತಿದ್ದ ಜಮೀನ್ದಾರರಿಗೇ ಇವರು ಮನುಷ್ಯರಲ್ಲವೇ ಎಂದು ಕೇಳಿಬಿಟ್ಟ. ಅದೇ ದ್ವೀಪದಲ್ಲಿ ತಾನೂ ಎನ್ಕೊಮಿಯೆಂಡಾ ಇಟ್ಟುಕೊಂಡಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಕೆಲವು ವರ್ಷಗಳ ನಂತರ ಅದನ್ನು ತ್ಯಜಿಸಿ, ಉಳಿದ ಅರ್ಧ ಶತಮಾನವನ್ನು ಈ ಅನ್ಯಾಯದ ವಿರುದ್ಧ ಬರೆಯುವುದರಲ್ಲಿ, ವಾದಿಸುವುದರಲ್ಲಿ ಕಳೆದ. ಅವನ ಒತ್ತಾಯದ ಫಲವಾಗಿ 1542ರ ಹೊಸ ಕಾನೂನುಗಳು ಮೂಲನಿವಾಸಿಗಳನ್ನು ಗುಲಾಮರನ್ನಾಗಿಸುವುದನ್ನು ನಿಷೇಧಿಸಿದವು. ಪೆರುವಿನ ಒಡೆಯರು ಅದಕ್ಕೆ ದಂಗೆಯೆದ್ದು, ರಾಜ ಕಳುಹಿಸಿದ ಮೊದಲ ವೈಸರಾಯ್‌ನನ್ನೇ ಯುದ್ಧದಲ್ಲಿ ಕೊಂದರು. 1550–51ರಲ್ಲಿ ವಾಯದೊಲಿದ್ ನಗರದಲ್ಲಿ ಈ ಜನರ ಮೇಲೆ ಯುದ್ಧ ಮಾಡುವುದು ಧರ್ಮವೇ ಎಂದು ಲಾಸ್ ಕಾಸಾಸ್ ಮತ್ತು ಆ ಯುದ್ಧವನ್ನು ಸಮರ್ಥಿಸಿದ ಪಂಡಿತ ಸೆಪುಲ್ವೆದಾ ನಡುವೆ ರಾಜಾಜ್ಞೆಯ ಮೇರೆಗೆ ವಾದ ನಡೆಯಿತು.

ಲಾಸ್ ಕಾಸಾಸ್‌ನನ್ನು ಸಂತನನ್ನಾಗಿ ಮಾಡುವವರು ಒಂದು ವಿಷಯ ಮರೆಮಾಡುತ್ತಾರೆ. ಮೂಲನಿವಾಸಿಗಳನ್ನು ಉಳಿಸಲು ಆಫ್ರಿಕಾದ ಗುಲಾಮರನ್ನು ತರಿಸಬಹುದು ಎಂದು ಮೊದಲು ಸೂಚಿಸಿದವರಲ್ಲಿ ಅವನೂ ಒಬ್ಬ. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಬರೆದ. ಆದರೆ ಆಫ್ರಿಕನ್ನರ ಬೆನ್ನಿಗೆ ನಿಲ್ಲುವ ಅಂಥ ಕಾನೂನು ಬರಲಿಲ್ಲ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ.

ಪೊಟೊಸಿಯ ಬೆಳ್ಳಿ ಗಣಿ ಅಷ್ಟು ಮುಖ್ಯ ಏಕೆ?

ಇಂದಿನ ಬೊಲಿವಿಯಾದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ, ಸೆರೊ ರಿಕೊ ಎಂಬ ಕೆಂಪು ಬಣ್ಣದ ಬೆಟ್ಟವಿದೆ. 1545ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತು. ಬೆಳೆ ಬಾರದ, ಉಸಿರು ಸಾಲದ ಆ ಎತ್ತರದಲ್ಲಿ ಕೆಲವೇ ದಶಕಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ನಗರ ಎದ್ದು ನಿಂತಿತು. ಆ ಕಾಲಕ್ಕೆ ಅದು ಜಗತ್ತಿನ ದೊಡ್ಡ ನಗರಗಳಲ್ಲಿ ಒಂದು.

ಮೇಲ್ಪದರದ ಒಳ್ಳೆಯ ಅದಿರು ಮುಗಿಯುತ್ತ ಬಂದಾಗ ಎರಡು ಸಂಗತಿಗಳು ಗಣಿಗೆ ಮರುಜೀವ ಕೊಟ್ಟವು. ಒಂದು ಪಾದರಸ. ಪುಡಿ ಮಾಡಿದ ಅದಿರಿಗೆ ಪಾದರಸ, ಉಪ್ಪು, ನೀರು ಬೆರೆಸಿ ತುಳಿದರೆ ಬೆಳ್ಳಿ ಪಾದರಸಕ್ಕೆ ಅಂಟುತ್ತದೆ. ಆಮೇಲೆ ಕಾಯಿಸಿ ಪಾದರಸವನ್ನು ಆವಿಯಾಗಿಸಿದರೆ ಬೆಳ್ಳಿ ಉಳಿಯುತ್ತದೆ. ಪಾದರಸ ಪೆರುವಿನ ಹುವಾಂಕಾವೆಲಿಕಾ ಗಣಿಯಿಂದ ಬರುತ್ತಿತ್ತು. ಅದನ್ನು ತೆಗೆಯುವವರು ಅದರ ವಿಷ ಉಸಿರಾಡಿ ನಡುಗುತ್ತ ಸಾಯುತ್ತಿದ್ದರು. ಎರಡನೆಯದು ಮಿತಾ. ಇಂಕಾ ಕಾಲದಲ್ಲಿ ಸರದಿಯ ಮೇಲೆ ರಾಜ್ಯಕ್ಕೆ ದುಡಿದುಕೊಡುವ ಪದ್ಧತಿಯಿತ್ತು. ರಸ್ತೆ ಕಟ್ಟಲು, ಹೊಲ ಉಳಲು ಬಂದವರಿಗೆ ರಾಜ್ಯ ಊಟ ಬಟ್ಟೆ ಕೊಡುತ್ತಿತ್ತು. ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 1570ರ ದಶಕದಲ್ಲಿ ಅದನ್ನೇ ಗಣಿಗೆ ತಿರುಗಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳಿಂದ ಪ್ರತಿ ಏಳು ವಯಸ್ಕ ಗಂಡಸರಲ್ಲಿ ಒಬ್ಬ ಆ ವರ್ಷ ಪೊಟೊಸಿಗೆ ಹೋಗಲೇಬೇಕು. ಒಟ್ಟು ವರ್ಷಕ್ಕೆ ಸುಮಾರು 13,500 ಜನ. ನೂರಾರು ಮೈಲಿ ದೂರದಿಂದ ಹೆಂಡತಿ ಮಕ್ಕಳು, ಸಾಮಾನು ಹೊತ್ತ ಲಾಮಾಗಳ ಜೊತೆ ಅವರು ನಡೆದು ಬರುತ್ತಿದ್ದರು. ಕೂಲಿಯೇನೋ ಇತ್ತು, ಆದರೆ ಅದು ಊಟಕ್ಕೂ ಸಾಲುತ್ತಿರಲಿಲ್ಲ. ಈ ಬಲವಂತದ ದುಡಿಮೆಯನ್ನು ತಪ್ಪಿಸಿಕೊಳ್ಳಲು ಜನ ಹುಟ್ಟೂರನ್ನೇ ತೊರೆದು ಬೇರೆ ಊರಿನಲ್ಲಿ ‘ಹೊರಗಿನವರು’ ಎಂದು ಹೆಸರು ಬರೆಸಿಕೊಂಡು ಬದುಕಿದರು. ಉಳಿದವರ ಮೇಲೆ ಸರದಿ ಇನ್ನೂ ಬೇಗ ಬೇಗ ಬಂತು.

ಮಿತಾ ಕಾನೂನಿನಲ್ಲಿ ರದ್ದಾದದ್ದು 1812ರಲ್ಲಿ. ಬೆಟ್ಟವನ್ನು ಇಂದಿಗೂ ಅಗೆಯುತ್ತಿದ್ದಾರೆ. ಒಳಗೆಲ್ಲ ಟೊಳ್ಳಾಗಿ ಶಿಖರ ಕುಸಿಯುತ್ತಿರುವ ಕಾರಣ ಯುನೆಸ್ಕೊ 2014ರಲ್ಲಿ ಪೊಟೊಸಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಬೆಳ್ಳಿಯೆಲ್ಲ ಎಲ್ಲಿ ಹೋಯಿತು? ಸ್ಪೇನ್ ಶ್ರೀಮಂತವಾಯಿತೇ?

ಐದರಲ್ಲಿ ಒಂದು ಪಾಲು ರಾಜನಿಗೆ ಸಲ್ಲಬೇಕಿತ್ತು. ಅದು ಯುರೋಪಿನ ಯುದ್ಧಗಳಿಗೂ ಸಾಲ ಕೊಟ್ಟವರಿಗೂ ಹೋಯಿತು. ಇಷ್ಟು ಬೆಳ್ಳಿಯ ಒಡೆಯನಾದ ಎರಡನೆಯ ಫಿಲಿಪ್ 1557, 1575 ಮತ್ತು 1596ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದ. ಮೆಕ್ಸಿಕೊ ಮತ್ತು ಪೊಟೊಸಿಯ ಟಂಕಸಾಲೆಗಳ ಎಂಟು ರಿಯಾಲ್ ನಾಣ್ಯ ಮಾತ್ರ ಜಗತ್ತೆಲ್ಲ ಓಡಾಡಿತು. ಅಮೆರಿಕದ ಡಾಲರ್‌ಗೂ ಅದೇ ಮಾದರಿ.

1565ರಿಂದ 1815ರವರೆಗೆ, ಎರಡೂವರೆ ಶತಮಾನ, ಮೆಕ್ಸಿಕೊದ ಅಕಾಪುಲ್ಕೊದಿಂದ ಬೆಳ್ಳಿ ತುಂಬಿದ ಹಡಗು ಮನಿಲಾಕ್ಕೆ ಹೋಗಿ, ಚೀನಾದ ರೇಷ್ಮೆ, ಪಿಂಗಾಣಿ, ಭಾರತದ ಹತ್ತಿಬಟ್ಟೆ ಹೊತ್ತು ಮರಳುತ್ತಿತ್ತು. ಭಾರತಕ್ಕೂ ಆ ಬೆಳ್ಳಿ ಧಾರಾಳವಾಗಿ ಹರಿದುಬಂತು. ನಮ್ಮಲ್ಲಿ ಬೆಳ್ಳಿ ಗಣಿಗಾರಿಕೆ ಕಡಿಮೆ. ಮೊಗಲರ ರೂಪಾಯಿಗೆ ಬೇಕಾದ ಬೆಳ್ಳಿ ಹೆಚ್ಚಾಗಿ ವ್ಯಾಪಾರದ ಮೂಲಕವೇ ಬರಬೇಕಿತ್ತು. ಗೋವಾ, ಸೂರತ್ ಮುಂತಾದ ಬಂದರುಗಳಲ್ಲಿ ಮೆಣಸಿಗೆ, ಬಟ್ಟೆಗೆ ಬೆಲೆಯಾಗಿ ಸುರಿದ ಬೆಳ್ಳಿಯಲ್ಲಿ ದೊಡ್ಡ ಪಾಲು ಆ ಗಣಿಗಳದ್ದು. ಮೊಗಲ್ ವೈಭವದ ಬಗ್ಗೆ ಓದುವಾಗ ಆಂಡಿಸ್‌ನ ಗಣಿಯಾಳಿನ ಹೆಸರು ಎಲ್ಲೂ ಬಾರದಿರುವುದು ನನಗೆ ಸರಿಯೆನಿಸುವುದಿಲ್ಲ.

ಕರ್ನಾಟಕಕ್ಕೂ ಸ್ಪೇನ್‌ಗೂ ನೇರ ಸಂಬಂಧ ಇತ್ತೇ?

ಇತ್ತು, ಬಹಳ ಜನರಿಗೆ ಗೊತ್ತಿಲ್ಲ. 1580ರಿಂದ 1640ರವರೆಗೆ ಸ್ಪೇನ್‌ನ ದೊರೆಯೇ ಪೋರ್ಚುಗಲ್‌ನ ದೊರೆಯೂ ಆಗಿದ್ದ. ಗೋವಾವೂ, 1560ರ ದಶಕದ ಕೊನೆಯಲ್ಲಿ ಪೋರ್ಚುಗೀಸರು ಕಟ್ಟಿಕೊಂಡ ಮಂಗಳೂರು, ಬಸರೂರು, ಹೊನ್ನಾವರದ ಕೋಟೆಗಳೂ ಆ ಅರವತ್ತು ವರ್ಷ ಅವನ ಹೆಸರಿನಲ್ಲಿದ್ದವು. ಆಡಳಿತ ಮಾತ್ರ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ನೋಡಿದಾಗ, ಆ ರಾಯಭಾರಿ ಸೇವೆ ಸಲ್ಲಿಸುತ್ತಿದ್ದ ದೊರೆ ಸ್ಪೇನ್‌ನ ನಾಲ್ಕನೆಯ ಫಿಲಿಪ್. ಈ ಮೂರು ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ವಶಪಡಿಸಿಕೊಂಡ.

ಇನ್ನು ಅಡುಗೆಮನೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ, ಸೀಬೆ, ಪರಂಗಿ, ಸಪೋಟ, ಗೋಡಂಬಿ ಎಲ್ಲವೂ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆದು ಪಳಗಿಸಿದ ಬೆಳೆಗಳು. ನಮ್ಮ ಕರಾವಳಿಗೆ ಇವುಗಳಲ್ಲಿ ಹಲವನ್ನು ತಂದವರು ಪೋರ್ಚುಗೀಸರು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರ ನೆಲ ಅಮೆರಿಕ.

ಭಾರತೀಯರು ಯಾರಾದರೂ ಸ್ಪೇನ್‌ನ ವಸಾಹತುಗಳಿಗೆ ಹೋಗಿದ್ದರೇ?

ಮನಿಲಾದ ಮಾರುಕಟ್ಟೆಯಲ್ಲಿ ಬಂಗಾಳ, ಮಲಬಾರ್ ಕಡೆಯಿಂದ ಪೋರ್ಚುಗೀಸರು ಹಿಡಿದು ತಂದ ಗುಲಾಮರನ್ನು ಮಾರುತ್ತಿದ್ದರು. ಕೆಲವರು ಹಡಗೇರಿ ಮೆಕ್ಸಿಕೊವರೆಗೂ ಹೋದರು. ಅವರಲ್ಲಿ ಕತರಿನಾ ದೆ ಸಾನ್ ಹುವಾನ್ ಎಂಬ ಹೆಸರು ಪಡೆದ ಹೆಣ್ಣುಮಗಳ ಬದುಕು ದಾಖಲೆಯಾಗಿದೆ. ಭಾರತದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ, ಮನಿಲಾದಲ್ಲಿ ಮಾರಾಟವಾಗಿ ಮೆಕ್ಸಿಕೊದ ಪ್ವೆಬ್ಲಾ ನಗರ ಸೇರಿದ ಆಕೆ ಅಲ್ಲಿ ಭಕ್ತೆಯಾಗಿ ಹೆಸರುಗಳಿಸಿ 1688ರಲ್ಲಿ ತೀರಿಕೊಂಡಳು. ನಂತರದ ಕಾಲದ್ದು ಇನ್ನೊಂದು ಉದಾಹರಣೆ: 1762ರಲ್ಲಿ ಬ್ರಿಟಿಷರು ಮನಿಲಾವನ್ನು ಎರಡು ವರ್ಷ ಹಿಡಿದಿಟ್ಟುಕೊಂಡಾಗ ಮದರಾಸಿನಿಂದ ಹೋದ ಸಿಪಾಯಿಗಳಲ್ಲಿ ಕೆಲವರು ಮರಳದೆ ಕಾಯಿಂತಾ ಎಂಬಲ್ಲಿ ನೆಲೆಸಿದರು.

ಮೂಲನಿವಾಸಿಗಳೇ ಬರೆದ ದಾಖಲೆಗಳು ಉಳಿದಿವೆಯೇ?

ಸುಟ್ಟದ್ದು ಬಹಳ. 1562ರಲ್ಲಿ ಮೆಕ್ಸಿಕೊದ ಯುಕತಾನ್‌ನ ಮಾನಿ ಊರಿನಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಹೊತ್ತಗೆಗಳನ್ನು ಬೆಂಕಿಗೆ ಹಾಕಿಸಿದ. ವಸಾಹತು ಪೂರ್ವದ ಮಾಯಾ ಹೊತ್ತಗೆಗಳಲ್ಲಿ ಇಂದು ಉಳಿದಿರುವುದು ನಾಲ್ಕೇ ನಾಲ್ಕು.

ಆದರೆ ಆಮೇಲೂ ಬರೆದವರಿದ್ದಾರೆ. ನಹುವಾಟ್ಲ್ ಭಾಷಿಕರು ರೋಮನ್ ಲಿಪಿ ಕಲಿತು ತಮ್ಮ ನುಡಿಯಲ್ಲೇ ಉಯಿಲು, ಜಮೀನಿನ ಪತ್ರ, ಊರಸಭೆಯ ನಡಾವಳಿ, ಅಧಿಕಾರಿಗಳ ಮೇಲಿನ ದೂರು ಎಲ್ಲವನ್ನೂ ಬರೆದಿಟ್ಟರು. ಅವು ರಾಶಿ ರಾಶಿ ಉಳಿದಿವೆ. ಪೆರುವಿನ ಗುವಾಮನ್ ಪೋಮಾ ಎಂಬ ಮೂಲನಿವಾಸಿ 1615ರ ಹೊತ್ತಿಗೆ ಸ್ಪೇನ್‌ನ ದೊರೆ ಮೂರನೆಯ ಫಿಲಿಪ್‌ಗೆ ಸುಮಾರು 1,200 ಪುಟಗಳ ಅಹವಾಲು ಬರೆದ. ಅದರಲ್ಲಿ 398 ಚಿತ್ರಗಳಿವೆ: ಅಧಿಕಾರಿಯ ಏಟು, ಪಾದ್ರಿಯ ದಬ್ಬಾಳಿಕೆ, ನೇಯುವ ಹೆಂಗಸರು, ತಿಂಗಳು ತಿಂಗಳಿನ ಬೇಸಾಯ. ದೊರೆಯ ಆಡಳಿತ ಹೇಗೆ ಕೆಟ್ಟಿದೆ, ಹೇಗೆ ಸರಿಪಡಿಸಬಹುದು ಎಂದು ಸಲಹೆಯನ್ನೂ ಕೊಟ್ಟಿದ್ದಾನೆ. ಆ ಹಸ್ತಪ್ರತಿ 1908ರಲ್ಲಿ ಕೋಪನ್‌ಹೇಗನ್‌ನ ರಾಜಗ್ರಂಥಾಲಯದಲ್ಲಿ ವಿದ್ವಾಂಸರ ಕಣ್ಣಿಗೆ ಬಿತ್ತು. ವಸಾಹತು ಚರಿತ್ರೆಯ ಒಂದೇ ಒಂದು ಮೂಲವನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ. ಆ ಗ್ರಂಥಾಲಯ ಪ್ರತಿ ಪುಟವನ್ನೂ ಅಂತರಜಾಲದಲ್ಲಿ ಇಟ್ಟಿದೆ.

ತುಪಾಕ್ ಅಮಾರು ಯಾರು?

ಆ ಹೆಸರಿನವರು ಇಬ್ಬರು. ಮೊದಲನೆಯವನು 1572ರಲ್ಲಿ ಇಂಕಾಗಳ ಹಳೆಯ ರಾಜಧಾನಿ ಕುಸ್ಕೊದ ಚೌಕದಲ್ಲಿ ತಲೆ ಕಳೆದುಕೊಂಡ ವಿಲ್ಕಬಾಂಬಾದ ಕೊನೆಯ ಇಂಕಾ. ಎರಡನೆಯವನು ಅವನ ವಂಶದವನೆಂದು ಹೇಳಿಕೊಂಡ ಹೊಸೆ ಗಾಬ್ರಿಯೆಲ್ ಕೊಂದೊರ್ಕಾಂಕಿ. ಹೇಸರಗತ್ತೆಗಳ ಮೇಲೆ ಸರಕು ಸಾಗಿಸುತ್ತಿದ್ದ ಊರ ಮುಖಂಡ. ಮಿತಾದಿಂದ ತನ್ನ ಊರುಗಳಿಗೆ ವಿನಾಯಿತಿ ಕೊಡಿ ಎಂದು ಲಿಮಾದ ನ್ಯಾಯಾಲಯಗಳಲ್ಲಿ ಅಲೆದು ಬರಿಗೈಲಿ ಮರಳಿದವನು. ಜನರಿಗೆ ಬೇಡದ ಸರಕನ್ನು ದುಬಾರಿ ಬೆಲೆಗೆ ಬಲವಂತವಾಗಿ ಮಾರುವ ಅಧಿಕಾರಿಗಳ ಹಾವಳಿಯೂ ಮಿತಿಮೀರಿತ್ತು. 1780ರ ನವೆಂಬರ್‌ನಲ್ಲಿ ಅವನು ಅಂಥ ಒಬ್ಬ ಅಧಿಕಾರಿಯನ್ನು ಸೆರೆಹಿಡಿದು ನೇಣಿಗೇರಿಸಿ ದಂಗೆ ಸಾರಿದ. ಹಣ, ಆಯುಧ, ಆಹಾರ, ಕಾವಲು ಎಲ್ಲದರ ವ್ಯವಸ್ಥೆ ಹೊತ್ತವಳು ಅವನ ಹೆಂಡತಿ ಮಿಕಾಯೆಲಾ ಬಾಸ್ತಿದಾಸ್. ತಡಮಾಡದೆ ಕುಸ್ಕೊ ಹಿಡಿ ಎಂದು ಅವಳು ಬರೆದ ಪತ್ರಗಳು ಉಳಿದಿವೆ. ಅವನು ತಡಮಾಡಿದ. 1781ರ ಮೇ 18ರಂದು ಕುಸ್ಕೊದಲ್ಲಿ ಗಂಡನ ಕಣ್ಣೆದುರೇ ಅವಳನ್ನು ಕೊಂದು, ನಂತರ ಅವನನ್ನೂ ಕೊಂದರು. ಇಂಕಾ ಉಡುಪು ತೊಡುವುದನ್ನೂ ನಿಷೇಧಿಸಿದರು. ಇಂಕಾ ಜನರ ಕೆಚುವಾ ನುಡಿಯನ್ನೂ ಅಳಿಸಿಹಾಕುವ ಆಜ್ಞೆ ಹೊರಟಿತು. ಅದೇ ವರ್ಷ ಐಮಾರಾ ಜನರ ತುಪಾಕ್ ಕಟಾರಿ ಮತ್ತು ಬಾರ್ತೊಲಿನಾ ಸಿಸಾ ಲಾ ಪಾಸ್ ನಗರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಆಕೆಯನ್ನು ಕೊಂದ ಸೆಪ್ಟೆಂಬರ್ 5 ಇಂದು ಮೂಲನಿವಾಸಿ ಮಹಿಳೆಯರ ಅಂತಾರಾಷ್ಟ್ರೀಯ ದಿನ.

ಸ್ವಾತಂತ್ರ್ಯ ಹೇಗೆ ಬಂತು?

1808ರಲ್ಲಿ ನೆಪೋಲಿಯನ್ ಸ್ಪೇನ್‌ನ ದೊರೆಯನ್ನು ಇಳಿಸಿ ತನ್ನ ಅಣ್ಣನನ್ನು ಕೂರಿಸಿದ. ರಾಜನೇ ಇಲ್ಲವೆಂದಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ಸಾಗರದಾಚೆ ಎದ್ದಿತು. ಅಮೆರಿಕದಲ್ಲೇ ಹುಟ್ಟಿದ ಸ್ಪ್ಯಾನಿಷ್ ವಂಶದವರಿಗೆ, ಅಂದರೆ ಕ್ರಿಯೊಯೊಗಳಿಗೆ, ದೊಡ್ಡ ಹುದ್ದೆಗಳೆಲ್ಲ ಸ್ಪೇನ್‌ನಿಂದ ಬಂದವರ ಪಾಲಾಗುತ್ತಿವೆ ಎಂಬ ಸಿಟ್ಟು ಮೊದಲೇ ಇತ್ತು. ಮೆಕ್ಸಿಕೊದಲ್ಲಿ ಮಿಗೆಲ್ ಇದಾಲ್ಗೊ ಎಂಬ ಪಾದ್ರಿ 1810ರ ಸೆಪ್ಟೆಂಬರ್ 16ರಂದು ಬಡವರನ್ನು ಕಟ್ಟಿಕೊಂಡು ದಂಗೆಯೆದ್ದ. ದಕ್ಷಿಣದಲ್ಲಿ ಸಾನ್ ಮಾರ್ಟಿನ್ ಆಂಡಿಸ್ ದಾಟಿ ಚಿಲಿಯನ್ನು ಬಿಡಿಸಿದ. ಉತ್ತರದಲ್ಲಿ ಸಿಮೋನ್ ಬೊಲಿವಾರ್ 1819ರ ಬೊಯಾಕಾ ಕದನ ಗೆದ್ದ. 1824ರ ಡಿಸೆಂಬರ್ 9ರ ಅಯಾಕುಚೊ ಕದನದಲ್ಲಿ ಬೊಲಿವಾರನ ಸೇನಾನಿ ಸೂಕ್ರೆ ಕೊನೆಯ ದೊಡ್ಡ ರಾಜಸೈನ್ಯವನ್ನು ಸೋಲಿಸಿದ. ಸೋತು ದಿಕ್ಕೆಟ್ಟಿದ್ದ ಬೊಲಿವಾರ್‌ಗೆ 1816ರಲ್ಲಿ ಹಡಗು, ಬಂದೂಕು ಕೊಟ್ಟವನು ಹೈಟಿಯ ಅಧ್ಯಕ್ಷ ಪೆತಿಯೊನ್. ಗುಲಾಮರನ್ನು ಬಿಡುಗಡೆ ಮಾಡು ಎಂಬುದು ಅವನ ಷರತ್ತು. ಈ ಋಣದ ನೆನಪು ಬಹಳ ಪುಸ್ತಕಗಳಲ್ಲಿ ಒಂದು ಸಾಲಿಗೂ ಬರುವುದಿಲ್ಲ.

ಸ್ವಾತಂತ್ರ್ಯದಿಂದ ಮೂಲನಿವಾಸಿಗಳಿಗೆ ಏನು ದಕ್ಕಿತು?

ಭಾರತದ ಅನುಭವದಿಂದ ನೋಡುವವರು ಇಲ್ಲಿ ಎಡವುತ್ತಾರೆ. ನಮ್ಮಲ್ಲಿ ಆಳಲು ಬಂದವರು ಹೊರಟುಹೋದರು. ಅಲ್ಲಿ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳೇ ರಾಜನಿಂದ ಬಿಡಿಸಿಕೊಂಡು ಆಳುವವರಾದರು. ಮೂಲನಿವಾಸಿಗಳು ರಾಜನಿಗೆ ಕೊಡುತ್ತಿದ್ದ ತಲೆಗಂದಾಯ ಹೊಸ ಹೆಸರಿನಲ್ಲಿ ಪೆರುವಿನಲ್ಲಿ 1854ರವರೆಗೆ, ಬೊಲಿವಿಯಾದಲ್ಲಿ ಇನ್ನೂ ಮುಂದುವರಿಯಿತು. ಊರೊಟ್ಟಿನ ಜಮೀನುಗಳಿಗೆ ರಾಜನ ಕಾನೂನಿನಲ್ಲಿದ್ದ ಅಷ್ಟಿಷ್ಟು ರಕ್ಷಣೆಯೂ, ಎಲ್ಲರೂ ಸಮಾನ ನಾಗರಿಕರು ಎಂಬ ನೆಪದಲ್ಲಿ ಹೋಯಿತು. ಮೆಕ್ಸಿಕೊದಲ್ಲಿ ಸಮುದಾಯದ ಜಮೀನು ಒಡೆಯುವ 1856ರ ಕಾನೂನು ಬಂದದ್ದು ಉದಾರವಾದಿಗಳ ಕಾಲದಲ್ಲಿ. ಆ ಪಕ್ಷದ ಮಹಾನಾಯಕ ಬೆನಿತೊ ಹುವಾರೆಸ್ ಸ್ವತಃ ಸಾಪೊಟೆಕ್ ಮೂಲನಿವಾಸಿ.

ಚಿಲಿಯ ಮಾಪುಚೆ ಜನರ ಕಥೆ ಇನ್ನೂ ಸ್ಪಷ್ಟ. ಅವರು ಸ್ಪೇನ್‌ಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಮಣಿಯಲಿಲ್ಲ. 1641ರಲ್ಲಿ ಕಿಯಿನ್ ಎಂಬಲ್ಲಿ ಸ್ಪೇನ್ ಅವರೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡು ಬಿಯೊಬಿಯೊ ನದಿಯನ್ನು ಗಡಿಯೆಂದು ಒಪ್ಪಿತು. ಅವರ ನೆಲವನ್ನು ಸೈನ್ಯ ನುಗ್ಗಿಸಿ ಕಿತ್ತುಕೊಂಡದ್ದು ಸ್ವತಂತ್ರ ಚಿಲಿ ಗಣರಾಜ್ಯ, 1861ರಿಂದ 1883ರ ನಡುವೆ. ಬೊಲಿವಿಯಾದಲ್ಲಿ ಮೂಲನಿವಾಸಿಗಳೆಲ್ಲರಿಗೂ ಮತದಾನದ ಹಕ್ಕು ಸಿಕ್ಕಿದ್ದೂ, ಜಮೀನ್ದಾರನ ಮನೆಯ ಬಿಟ್ಟಿ ಚಾಕರಿ ನಿಂತದ್ದೂ 1952ರ ಕ್ರಾಂತಿಯ ನಂತರ.

ಫಿಲಿಪ್ಪೀನ್ಸ್‌ನಲ್ಲಿ ಜನ ಸ್ಪ್ಯಾನಿಷ್ ಏಕೆ ಮಾತನಾಡುವುದಿಲ್ಲ?

ಮುನ್ನೂರು ವರ್ಷ ಆಳಿದರೂ ಅಲ್ಲಿ ನೆಲೆಸಿದ ಸ್ಪ್ಯಾನಿಷರು ಕಡಿಮೆ. ಹಳ್ಳಿಗಳಲ್ಲಿ ಪಾದ್ರಿಗಳೇ ಆಡಳಿತ. ಅವರು ಟಗಾಲೊಗ್, ಸೆಬುವಾನೊದಂಥ ಅಲ್ಲಿನ ನುಡಿಗಳನ್ನು ಕಲಿತು ಅವುಗಳಲ್ಲೇ ಬೋಧಿಸಿದರು. ಊರೂರಿಗೆ ಸ್ಪ್ಯಾನಿಷ್ ಶಾಲೆ ತೆರೆಯುವ ಆಜ್ಞೆ ಬಂದದ್ದು 1863ರಲ್ಲಿ. ಅದು ಬೇರೂರುವ ಮೊದಲೇ ಅಮೆರಿಕನ್ನರು ಬಂದು ಇಂಗ್ಲಿಷ್ ಹೇರಿದರು. ಸ್ಪ್ಯಾನಿಷ್ ಹೆಸರುಗಳು ಮಾತ್ರ ಮನೆಮನೆಯಲ್ಲಿವೆ. ತೆರಿಗೆ ಲೆಕ್ಕಕ್ಕೆ ಅನುಕೂಲವಾಗಲೆಂದು 1849ರಲ್ಲಿ ಗವರ್ನರ್ ಕ್ಲಾವೆರಿಯಾ ಮುದ್ರಿತ ಪಟ್ಟಿಯಿಂದ ಕುಟುಂಬಗಳಿಗೆ ಅಡ್ಡಹೆಸರು ಹಂಚಿಸಿದ.

1898ರಲ್ಲಿ ಏನಾಯಿತು?

ಕ್ಯೂಬಾದಲ್ಲಿ 1895ರಿಂದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಅದರ ಕವಿ, ಸಂಘಟಕ ಹೊಸೆ ಮಾರ್ತಿ ಮೊದಲ ವರ್ಷವೇ ಮಡಿದ. ಹಳ್ಳಿಗರನ್ನು ಮುಳ್ಳುಬೇಲಿಯ ಶಿಬಿರಗಳಿಗೆ ತಳ್ಳಿದ ಜನರಲ್ ವೈಲೆರ್‌ನ ನೀತಿಯಿಂದ ಅಪಾರ ಜನ ಹಸಿವು, ರೋಗಗಳಿಂದ ಸತ್ತರು. ಫಿಲಿಪ್ಪೀನ್ಸ್‌ನಲ್ಲಿ ಲೇಖಕ ಹೊಸೆ ರಿಸಾಲ್‌ನನ್ನು 1896ರ ಡಿಸೆಂಬರ್ 30ರಂದು ಗುಂಡಿಟ್ಟು ಕೊಂದರು. 1898ರಲ್ಲಿ ಅಮೆರಿಕ ಯುದ್ಧಕ್ಕಿಳಿದು ಕೆಲವೇ ತಿಂಗಳಲ್ಲಿ ಗೆದ್ದಿತು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಕ್ಯೂಬಾ ಬಿಟ್ಟಿತು, ಪೋರ್ಟೊರಿಕೊ, ಗುವಾಮ್ ಒಪ್ಪಿಸಿತು, 2 ಕೋಟಿ ಡಾಲರ್‌ಗೆ ಫಿಲಿಪ್ಪೀನ್ಸ್ ಕೊಟ್ಟಿತು. ಆ ವರ್ಷದ ಜೂನ್‌ನಲ್ಲೇ ತಾವು ಸ್ವತಂತ್ರರು ಎಂದು ಸಾರಿದ್ದ ಫಿಲಿಪಿನೊಗಳಿಗೆ ಆ ಸಂಧಾನದಲ್ಲಿ ಸ್ಥಾನವೇ ಇರಲಿಲ್ಲ. ಅವರು ಮತ್ತೆ ಹೋರಾಡಬೇಕಾಯಿತು. ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ.

ಆಫ್ರಿಕಾದ ವಸಾಹತುಗಳ ಗತಿ ಏನಾಯಿತು?

ಇಕ್ವಟೋರಿಯಲ್ ಗಿನಿ 1968ರ ಅಕ್ಟೋಬರ್ 12ರಂದು ಸ್ವತಂತ್ರವಾಯಿತು. ಸ್ಪ್ಯಾನಿಷ್ ಇಂದಿಗೂ ಅಲ್ಲಿನ ಆಡಳಿತ ಭಾಷೆ. ಪಶ್ಚಿಮ ಸಹಾರಾದ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. 1975ರ ನವೆಂಬರ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೊ ಸಾವಿನ ಹಾಸಿಗೆಯಲ್ಲಿದ್ದಾಗ ಸ್ಪೇನ್ ಆ ಪ್ರದೇಶದ ಆಡಳಿತವನ್ನು ಮೊರಾಕ್ಕೊ ಮತ್ತು ಮಾರಿಟೇನಿಯಾಕ್ಕೆ ವಹಿಸಿ ಕೈತೊಳೆದುಕೊಂಡಿತು. ಸಹ್ರಾವಿ ಜನರನ್ನು ಕೇಳಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಹ್ರಾವಿಗಳು ಮತ್ತು ಮೊರಾಕ್ಕೊ ನಡುವಿನ 1991ರ ಕದನವಿರಾಮದ ಹೊತ್ತಿಗೆ ವಿಶ್ವಸಂಸ್ಥೆ ಮಾತು ಕೊಟ್ಟ ಜನಮತಗಣನೆ ನಡೆಯಲೇ ಇಲ್ಲ. ಅಲ್ಜೀರಿಯಾದ ಟಿಂಡೂಫ್ ಬಳಿಯ ನಿರಾಶ್ರಿತರ ಶಿಬಿರಗಳಲ್ಲಿ ಈಗ ಹೊಸ ತಲೆಮಾರುಗಳು ಬೆಳೆದಿವೆ. ಭಾರತ ಸಹ್ರಾವಿ ಗಣರಾಜ್ಯಕ್ಕೆ 1985ರಲ್ಲಿ ಮಾನ್ಯತೆ ಕೊಟ್ಟು 2000ದಲ್ಲಿ ಹಿಂತೆಗೆದುಕೊಂಡಿತು. ಮೊರಾಕ್ಕೊ ಕರಾವಳಿಯ ಸೆಉತಾ ಮತ್ತು ಮೆಲಿಯಾ ನಗರಗಳು ಈಗಲೂ ಸ್ಪೇನ್‌ನ ಭಾಗ.

ಮೂಲ ಭಾಷೆಗಳು ಉಳಿದಿವೆಯೇ?

ಉಳಿದಿವೆ, ಕಷ್ಟಪಟ್ಟು. ಕೆಚುವಾ ಭಾಷಿಕರು ಲಕ್ಷಾಂತರ. ಪೆರು 1975ರಲ್ಲಿ ಅದನ್ನು ಅಧಿಕೃತ ಭಾಷೆಯಾಗಿಸಿತು. ಪರಾಗ್ವೆಯಲ್ಲಿ ಗ್ವಾರನಿಯನ್ನು ಮೂಲನಿವಾಸಿಗಳಲ್ಲದವರೂ ಮನೆಮಾತಾಗಿ ಆಡುತ್ತಾರೆ. 1992ರ ಸಂವಿಧಾನ ಅದಕ್ಕೆ ಸ್ಪ್ಯಾನಿಷ್‌ಗೆ ಸಮನಾದ ಸ್ಥಾನ ಕೊಟ್ಟಿದೆ. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲ ಭಾಷೆಗಳನ್ನು ಅಧಿಕೃತವೆಂದು ಹೆಸರಿಸುತ್ತದೆ. ಕಾಗದದ ಸ್ಥಾನಮಾನ ಶಾಲೆಗೂ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ತಲುಪುವುದು ನಿಧಾನ.

ಸ್ಪೇನ್ ಕ್ಷಮೆ ಕೇಳಬೇಕೇ?

2019ರಲ್ಲಿ ಮೆಕ್ಸಿಕೊದ ಅಧ್ಯಕ್ಷ ಲೋಪೆಸ್ ಒಬ್ರದೋರ್ ಸ್ಪೇನ್‌ನ ದೊರೆಗೂ ಪೋಪ್‌ಗೂ ಪತ್ರ ಬರೆದು, ದಂಡಯಾತ್ರೆಯ ಕಾಲದ ಅನ್ಯಾಯಗಳನ್ನು ಒಪ್ಪಿಕೊಂಡು ಕ್ಷಮೆ ಕೇಳಿ ಎಂದರು. ಐನೂರು ವರ್ಷ ಹಿಂದಿನದನ್ನು ಇಂದಿನ ದೃಷ್ಟಿಯಿಂದ ಅಳೆಯಲಾಗದು ಎಂದು ಸ್ಪೇನ್ ಸರ್ಕಾರ ನಿರಾಕರಿಸಿತು. 2024ರ ಅಕ್ಟೋಬರ್ 1ರಂದು ಕ್ಲೌಡಿಯಾ ಶೀನ್‌ಬಾಮ್ ಅಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಸ್ಪೇನ್‌ನ ದೊರೆಗೆ ಆಹ್ವಾನವಿರಲಿಲ್ಲ. ಸ್ಪೇನ್ ತನ್ನ ಪ್ರತಿನಿಧಿಯನ್ನೂ ಕಳುಹಿಸಲಿಲ್ಲ.

ಸ್ಪೇನ್‌ನ ಉತ್ತರ ನನಗೆ ಒಪ್ಪಿಗೆಯಲ್ಲ. ಮೊಂಟೆಸಿನೋಸ್ 1511ರಲ್ಲೇ ಕೇಳಿದ ಪ್ರಶ್ನೆ ಇಂದಿನ ದೃಷ್ಟಿಯದಲ್ಲ, ಅಂದಿನದೇ. ಆದರೆ ಕೇಳುವವರೂ ತಮ್ಮ ಮನೆಯ ಲೆಕ್ಕ ಕೊಡಬೇಕಾಗುತ್ತದೆ. ಯಾಕಿ ಎಂಬ ಮೂಲನಿವಾಸಿ ಜನರನ್ನು ಉತ್ತರದ ಸೊನೊರಾದಲ್ಲಿ ಹಿಡಿದು ಯುಕತಾನ್‌ನ ನಾರಿನ ತೋಟಗಳಿಗೆ ಜೀತಕ್ಕೆ ಸಾಗಿಸಿದ್ದು ಸ್ಪೇನ್‌ನ ದೊರೆಯಲ್ಲ, ಇಪ್ಪತ್ತನೆಯ ಶತಮಾನದ ಆರಂಭದ ಮೆಕ್ಸಿಕೊ ಸರ್ಕಾರ. ಆ ಲೆಕ್ಕ ಸ್ವಲ್ಪ ಮಟ್ಟಿಗಾದರೂ ಸಂದಿದೆ: 2021ರ ಮೇ ತಿಂಗಳಲ್ಲಿ ಮಾಯಾ ಜನರಲ್ಲಿ, ಸೆಪ್ಟೆಂಬರ್‌ನಲ್ಲಿ ಯಾಕಿ ಜನರಲ್ಲಿ ಅದೇ ಲೋಪೆಸ್ ಒಬ್ರದೋರ್ ಮೆಕ್ಸಿಕೊದ ಪರವಾಗಿ ಅವರ ನೆಲಕ್ಕೇ ಹೋಗಿ ಕ್ಷಮೆ ಕೇಳಿದರು.